ಕಾಫಿಗೆ ವಾಸನೆ ಇರಲಿಲ್ಲ

ಬುಧವಾರ ಬೆಳಿಗ್ಗೆ ನಾನು ಮಾಡಿದ ಕೆಲಸಗಳು: ಹಾಲು ಕಾಯಿಸಿದ್ದು. ಮೂರು ದಿನಕ್ಕೊಮ್ಮೆ ಬರುವ ನಲ್ಲಿ ನೀರನ್ನು ನೆಲದ ಸಂಪ್ ತೊಟ್ಟಿಗೆ ಬಿಟ್ಟದ್ದು. ದೋಸೆಹಿಟ್ಟನ್ನು ಫ್ರಿಜ್ಜಿಗೆ ಸೇರಿಸಿದ್ದು. ನಮ್ಮನೆಯವರು ಹುಡುಕುತ್ತಿದ್ದ ಕನ್ನಡಕವನ್ನು ಅವರ ಹಣೆಯ ಮೇಲಿಂದಲೇ ತೆಗೆದುಕೊಟ್ಟದ್ದು. ತುಮಕೂರು ಬಸ್‌ಸ್ಟ್ಯಾಂಡಿನಲ್ಲಿ ಬೆಳ್ಳಾವಿ ಬಸ್ಸು ಹತ್ತಿದ್ದು. ಹತ್ತೂವರೆಗೆ, ಹೆಬ್ಬೆರಳಿನಷ್ಟು ದೊಡ್ಡದೊಂದು ಬಾಟಲಿ ನೋಡಿ ಕಷಾಯ ಅಂದುಕೊಂಡದ್ದು.

ಬಾಟಲಿ ಇದ್ದದ್ದು ಬೆಳ್ಳಾವಿಗೆ ಹತ್ತಿರದ ಹಳ್ಳಿಯಲ್ಲಿ, ನನ್ನ ನಾದಿನಿ ಭಾಗ್ಯಳ ಅಡುಗೆಮನೆಯಲ್ಲಿ, ಉಪ್ಪಿನಕಾಯಿ ಜಾಡಿಯ ಪಕ್ಕ. ಒಳಗೆ ಇದ್ದಿಲು ಕಲಸಿದಂಥ ಕಪ್ಪು.

"ಯಾವ ಕಷಾಯನೇ ಇದು?" ಅಂದೆ. (ಯಾರು ಕೆಮ್ಮಿದರೂ ಅವಳ ಮನೆಯಲ್ಲಿ ಕಷಾಯ ಗ್ಯಾರಂಟಿ.)

"ಊರೆಲ್ಲಾ ಕುಡೀತಿರೋ ಕಷಾಯ ಅತ್ತಿಗೆ," ಅಂದಳು. ನಗಲಿಲ್ಲ.

ಭಾಗ್ಯಳಿಗೆ ಪಂಚಾಯ್ತಿಯವರು ನೀರು ಪರೀಕ್ಷೆಯ ಟ್ರೈನಿಂಗ್ ಕೊಟ್ಟು ಒಂದು ಡಬ್ಬಿ ಕಿಟ್ ಕೊಟ್ಟಿದ್ದಾರೆ. ಈ ಬಾಟಲಿ ಅದರದ್ದೇ. ಗೆರೆಯವರೆಗೆ ನಲ್ಲಿ ನೀರು ತುಂಬಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ಜೇನಿನ ಬಣ್ಣದಲ್ಲೇ ಉಳಿದರೆ ಸರಿ. ಕಪ್ಪಾದರೆ ನೀರಿಗೆ ಹೊಲಸಿನ ಕ್ರಿಮಿ ಸೇರಿದೆ ಅಂತ ಅರ್ಥ. ಎರಡು ಮನೆಯ ಮಕ್ಕಳಿಗೆ ಭೇದಿ ಅಂತ ಕೇಳಿ ಸೋಮವಾರ ತುಂಬಿಟ್ಟಿದ್ದಳಂತೆ.

ನನ್ನ ಕೈಯಲ್ಲಿ ಅವಳೇ ಕೊಟ್ಟ ಕಾಫಿ ಲೋಟ ಇತ್ತು. ಅರ್ಧ ಕುಡಿದಾಗಿತ್ತು.

"ಕುಡೀರಿ, ಅದು ಕುದ್ದಿರೋ ನೀರು," ಅಂದಳು. ಕುಡಿದೆ. ಘಮಘಮ ಕಾಫಿ, ಬೇರೆ ಯಾವ ವಾಸನೆಯೂ ಇಲ್ಲ. ಸಮಸ್ಯೆ ಇದ್ದದ್ದೇ ಅಲ್ಲಿ. ಅದು ನನಗೆ ಆಮೇಲೆ ಗೊತ್ತಾಯಿತು.

ಮಾರನೆಯ ದಿನ ಊರಲ್ಲಿ ನಾಮಕರಣ. ನಾನು ಹೋದದ್ದೇ ಅದಕ್ಕೆ. ಯಾರ ಮನೆಯದು? ನೀರಗಂಟಿ ರಂಗಣ್ಣನ ಮನೆಯದೇ! ಬೋರ್ ಆನ್ ಮಾಡಿ, ಟ್ಯಾಂಕ್ ತುಂಬಿಸಿ, ಬೀದಿಬೀದಿಗೆ ವಾಲ್ವ್ ತಿರುಗಿಸಿ ಊರಿಗೆ ನೀರು ಬಿಡುವ ಮನುಷ್ಯ. ಮಗಳ ಚೊಚ್ಚಲ ಮಗು. ಕುಣಿಗಲ್ ಕಡೆಯಿಂದ ಬೀಗರು ಎರಡು ಬಸ್ಸಿನಲ್ಲಿ ಬರುತ್ತಾರೆ. ಅಂಥ ಮನೆಗೆ ಹಿಂದಿನ ದಿನ ಹೋಗಿ "ನಿನ್ನ ನೀರು ಕೆಟ್ಟಿದೆ" ಅನ್ನುವುದು ಹೇಗೆ?

ಭಾಗ್ಯ ಬಾಟಲಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟಳು. ಹಿಂದೆ ನಾನು.

ರಂಗಣ್ಣನ ಬೀದಿಗೆ ತಿರುಗಿದರೆ, ಚಪ್ಪರದ ತನಕ ಎರಡೂ ಬದಿಗೆ ಬೆಳ್ಳಗೆ ಗೆರೆ. ಮಂತ್ರಿ ಬಂದಾಗ ಹಾಕುತ್ತಾರಲ್ಲ, ಹಾಗೆ. ಬ್ಲೀಚಿಂಗ್ ಪೌಡರ್.

"ಟ್ಯಾಂಕಿಗೆ ಹಾಕೋ ಪೌಡ್ರು ರೋಡಿಗೆ ಹಾಕವ್ನೆ ನೋಡಿ," ಅಂತ ಭಾಗ್ಯ ಹಲ್ಲು ಕಚ್ಚಿದಳು.

ರಂಗಣ್ಣ ಬಾಟಲಿ ನೋಡಿದ. ಮೊದಲು ನಕ್ಕ. "ಏನವ್ವಾ, ದೃಷ್ಟಿ ತೆಗ್ಯಕ್ಕೆ ಕಪ್ಪು ತಂದ್ಯಾ?" ವಿಷಯ ಕೇಳಿದ ಮೇಲೆ ಮುಖ ಬಿಗಿದುಕೊಂಡಿತು.

"ನನ್ ನೀರಿಗೆ ಏನಾಗದೆ? ಕುಡ್ದು ನೋಡು, ಎಳನೀರಿದ್ದಂಗದೆ. ಮೂರು ಕೂಗಿಗೆ ಬೇಳೆ ಬೆಣ್ಣೆ ಥರ ಬೇಯ್ತದೆ. ಬೇಳೆ ಬೇಯೋ ನೀರು ಕೆಟ್ಟ ನೀರಾ?"

ನನಗೂ ಹೌದಲ್ಲ ಅನ್ನಿಸಿತು. ಇಷ್ಟು ವರ್ಷ ನಾನೂ ನೀರನ್ನು ಅಳೆದದ್ದು ಬೇಳೆಯಲ್ಲೇ. ಹೊಸ ಬಾಡಿಗೆಮನೆಗೆ ಹೋದಾಗಲೆಲ್ಲ ಪಕ್ಕದವರನ್ನು ಕೇಳುತ್ತಿದ್ದ ಮೊದಲ ಪ್ರಶ್ನೆ ಅದೇ. ಕ್ರಿಮಿ ಕೂಡ ಚೆನ್ನಾಗಿ ಬೇಳೆ ಬೇಯುವ ನೀರಲ್ಲೇ ಆರಾಮಾಗಿ ಇರಬಹುದು ಅಂತ ಯಾರಿಗೆ ಹೊಳೆಯುತ್ತದೆ?

"ಟ್ಯಾಂಕಿಗೆ ಪೌಡ್ರು ಹಾಕಿ ಎಷ್ಟು ದಿನ ಆಯ್ತು, ಅದು ಹೇಳು ರಂಗಣ್ಣ," ಅಂದಳು ಭಾಗ್ಯ.

ಅವನು ಚಪ್ಪರದ ಕಂಬ ನೋಡಿದ. "ಬೀಗರು ಬರ್ತಾವ್ರೆ ಅಂತ ಒಂದ್ವಾರದಿಂದ ನಿಲ್ಸಿವ್ನಿ."

"ಬೀಗರಿಗೂ ಪೌಡ್ರಿಗೂ ಏನ್ ಸಂಬಂಧ?"

ರಂಗಣ್ಣ ನನ್ನ ಕಡೆ ತಿರುಗಿದ. "ಇವ್ರುನ್ನೇ ಕೇಳು. ಯುಗಾದಿಗೆ ಬಂದಿದ್ದಾಗ ನೀವೇ ಅಲ್ವೇನಮ್ಮಾ ಅಂದಿದ್ದು? 'ಏನ್ ರಂಗಣ್ಣ, ನಿಮ್ಮೂರ ಕಾಫಿ ಆಸ್ಪತ್ರೆ ವಾಸ್ನೆ ಹೊಡೀತದೆ' ಅಂತ. ಎಲ್ಲಾರೂ ನಕ್ಕುಬುಟ್ರು. ತುಮಕೂರಿನವ್ರೇ ಹಂಗಂದ್ಮೇಲೆ ಕುಣಿಗಲ್ ಬೀಗರು ಬುಟ್ಟಾರಾ? ನನ್ ಮಗ್ಳುಗೆ ಜನ್ಮಪೂರ್ತಿ ಅಂದಾಡ್ತಾರೆ."

ನಾನು ಅಂದಿದ್ದೆ. ನಗಿಸಲಿಕ್ಕೆ ಅಂತಲೇ ಅಂದಿದ್ದೆ. ಈಗ ನಿಂತ ಜಾಗದಲ್ಲೇ ನೆಲ ನೋಡಿದೆ.

ಒಳಗಿಂದ ಯಾರೋ "ಶುಭಕಾರ್ಯದ್ ಮನೇಲಿ ಇದೇನ್ ಪಂಚಾಯ್ತಿ, ಬುಡಿ ಅತ್ಲಾಗೆ" ಅಂದರು. ಭಾಗ್ಯ ಜಗ್ಗಲಿಲ್ಲ. ದನಿ ಮಾತ್ರ ತಗ್ಗಿಸಿದಳು.

"ನಾಳೆ ಹೆಸ್ರಿಡುವಾಗ ಮಗೀನ ನಾಲ್ಗೆಗೆ ಸಕ್ಕರೆ ನೀರು ಮುಟ್ಟುಸ್ತೀರಲ್ಲ ರಂಗಣ್ಣ, ಯಾವ ನೀರು ಅದು?"

ರಂಗಣ್ಣ ಬಾಟಲಿಯನ್ನು ಇನ್ನೊಮ್ಮೆ ಬೆಳಕಿಗೆ ಹಿಡಿದ. ಗೂಟದಲ್ಲಿದ್ದ ವಾಲ್ವ್ ಕೀಲಿ ತೆಗೆದುಕೊಂಡು ಹೊಸ ಪಂಚೆಯಲ್ಲೇ ಹೊರಟುಬಿಟ್ಟ.

ಆಮೇಲಿನದು ಓಟ. ಟ್ಯಾಂಕ್ ಖಾಲಿ ಮಾಡಿದರು. ಇಬ್ಬರು ಒಳಗಿಳಿದು ಉಜ್ಜಿದರು. ರಂಗಣ್ಣ ಪೈಪಿನ ಉದ್ದಕ್ಕೂ ನಡೆದ. ಚರಂಡಿ ದಾಟುವ ಕಡೆ ಜಾಯಿಂಟಿಗೆ ಸುತ್ತಿದ್ದ ಸೈಕಲ್ ಟ್ಯೂಬು ಸಡಿಲವಾಗಿ, ಹೋದ ವಾರದ ಮಳೆಯ ಕೊಚ್ಚೆಯಲ್ಲಿ ಮುಳುಗಿತ್ತು. ಟ್ಯೂಬು ಸುತ್ತಿದ್ದವನೂ ಅವನೇ. ಮೊಣಕೈವರೆಗೆ ಕೆಸರಲ್ಲಿ ಕೈಯಿಟ್ಟು ಬೈದುಕೊಂಡ, ತನ್ನನ್ನೇ. ಹೊಸ ಜಾಯಿಂಟ್ ಹಾಕಿದ.

ಬೋರ್ ಆನ್ ಮಾಡಿದರು. ಟ್ಯಾಂಕ್ ಅರ್ಧವಾಗುವಷ್ಟರಲ್ಲಿ ಕರೆಂಟ್ ಹೋಯಿತು!

ಗಂಟೆ ಎರಡು. ಎರಡೂವರೆ. ಅಡುಗೆಯವರು ಬಂದು ಖಾಲಿ ಕೊಳದಪ್ಪಲೆ ಹಿಡಿದು ನಿಂತರು. ನಲ್ಲಿಗೆ ಬಂದ ಹೆಂಗಸರು ಭಾಗ್ಯಳಿಗೇ ಬೈದರು: "ಚೆನ್ನಾಗಿ ಬರ್ತಿದ್ ನೀರು ನಿಲ್ಸುದ್ಲು ನೋಡು ಇವ್ಳು." ಅವಳು ಟ್ಯಾಂಕಿನ ಕೆಳಗೆ ಕಿಟ್ ಡಬ್ಬಿ ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದಳು. ಕರೆಂಟ್ ಬಾರದಿದ್ದರೆ? ಅಷ್ಟು ಜನ ಬೀಗರನ್ನು ಒಣ ಊರಿಗೆ ಕರೆಸಿದ ಹಾಗೆ. ಕರೆಂಟ್ ಬಂದರೂ, ಪೌಡರ್ ಹಾಕಿ ಅರ್ಧ ಗಂಟೆಯಾದರೂ ಕಾಯದೆ ನೀರು ಬಿಡುವಂತಿಲ್ಲ.

ಮೂರೂಕಾಲಿಗೆ ಮೋಟರ್ ಗುರ್ ಅಂದಿತು. ನಾನು ಕೈ ಮುಗಿದೆ. ಯಾರಿಗೆ ಅಂತ ಗೊತ್ತಿಲ್ಲ, ಟ್ಯಾಂಕ್ ಕಡೆಗೆ.

ರಂಗಣ್ಣ ಬಕೆಟ್ಟಿನಲ್ಲಿ ಪೌಡರ್ ಕಲಸಿ, ತಿಳಿಯಾದ ನೀರನ್ನು ಮಾತ್ರ ಮೇಲಕ್ಕೆ ಹೊತ್ತು ಟ್ಯಾಂಕಿಗೆ ಸುರಿದ. ಸಂಜೆ ಊರ ಕೊನೆಯ ನಲ್ಲಿಯಿಂದ ಭಾಗ್ಯ ನೀರು ಹಿಡಿದು ಕಿಟ್ಟಿನಲ್ಲಿದ್ದ ಔಷಧಿ ಎರಡು ಹನಿ ಬಿಟ್ಟಳು. ಹಳದಿ ಬಂದರೆ ಪೌಡರ್ ಅಲ್ಲಿತನಕ ತಲುಪಿದೆ ಅಂತ. ಎಲ್ಲರೂ ಬಗ್ಗಿ ನೋಡಿದೆವು. ಹಳದಿ! ನಿಂಬೆಹಣ್ಣಿನ ಹಳದಿ.

"ಸದ್ಯ," ಅಂದ ರಂಗಣ್ಣ. "ಆದ್ರೂ ಕುಡಿಯಕ್ಕೆಲ್ಲ ಕಾಯ್ಸುದ್ ನೀರೇ," ಅಂದಳು ಭಾಗ್ಯ. ಹೊಸ ಬಾಟಲಿಗೆ ನೀರು ತುಂಬಿ ಮತ್ತೆ ಉಪ್ಪಿನಕಾಯಿ ಜಾಡಿಯ ಪಕ್ಕ ಇಟ್ಟಳು.

ಗುರುವಾರ ಬೀಗರು ಬಂದರು. ಮೊದಲ ಕಾಫಿ. ಮಗುವಿನ ಅಜ್ಜಿ, ಬೀಗಿತಿ, ಲೋಟ ಮೂಗಿನ ಹತ್ತಿರ ಹಿಡಿದು ನಿಲ್ಲಿಸಿದರು. "ಇದೇನ್ರೀ, ಕಾಫಿ ಒಂಥರಾ ವಾಸ್ನೆ?"

ಚಪ್ಪರದಡಿ ತೊಟ್ಟಿಲ ಪಕ್ಕ ರಂಗಣ್ಣನ ಮಗಳ ಮುಖ ಬಿಳಿಚಿಕೊಂಡಿತು. ರಂಗಣ್ಣ ಹೆಗಲ ಟವೆಲ್ ಹಿಂಡುತ್ತಿದ್ದ. ಆ ನಗೆಚಾಟಿಕೆ ಶುರು ಮಾಡಿದವಳು ನಾನು. ಎದ್ದು ನಿಂತೆ.

"ಔಷಧಿ ವಾಸನೆ ಕಣಮ್ಮ. ನಿಮ್ಮ ಮೊಮ್ಮಗನಿಗೋಸ್ಕರ ನಿನ್ನೆ ಇವರು ಟ್ಯಾಂಕ್ ತೊಳೆಸಿ ಹಾಕ್ಸಿದಾರೆ," ಅಂದೆ. ಖಾಲಿ ಲೋಟ ಚಾಚಿ, "ನನಗಿನ್ನೊಂದು ಲೋಟ," ಅಂದೆ.

ಬೀಗಿತಿ ನನ್ನನ್ನೂ ರಂಗಣ್ಣನನ್ನೂ ನೋಡಿದರು. "ನಮ್ಮೂರಲ್ಲಿ ವಾಸ್ನೆನೇ ಬರಲ್ಲಪ್ಪ," ಅಂದು ಕುಡಿದರು. ಆಮೇಲೆ, ಸ್ವಲ್ಪ ಹೊತ್ತು ಬಿಟ್ಟು, ಭಾಗ್ಯಳನ್ನು ಕರೆದು ಪಕ್ಕ ಕೂರಿಸಿಕೊಂಡರು. "ಅಲ್ಲಾ ಕಣವ್ವ, ಹಂಗಾರೆ ನಮ್ಮೂರಂಗೆ ವಾಸ್ನೆ ಬರ್ದೇ ಇದ್ರೆ ಒಳ್ಳೇದಲ್ಲ ಅಂತಾನಾ?"

ಊಟಕ್ಕೆ ಹೋಳಿಗೆ, ಕೋಸಂಬರಿ, ಹುರುಳಿಕಾಯಿ ಪಲ್ಯ, ಅನ್ನ, ಬೇಳೆಸಾರು. ಬೇಳೆ ಚೆನ್ನಾಗಿ ಬೆಂದಿತ್ತು. ಊಟವಾದ ಮೇಲೆ ಮೊದಲು ನಿದ್ದೆಹೋದವನು ರಂಗಣ್ಣ, ಟ್ಯಾಂಕಿನ ಕಂಬಕ್ಕೆ ಒರಗಿ, ಕೀಲಿ ಎದೆಯ ಮೇಲೆ, ಎರಡನೆಯದು ಮಗು. ಬಸ್ಸಿಗೆ ಹೊರಡುವ ಮುಂಚೆ ನಾನು ಮೂರು ಸಲ ಭಾಗ್ಯಳ ಅಡುಗೆಮನೆಗೆ ಹೋಗಿಬಂದೆ. ಬಾಟಲಿ ಇನ್ನೂ ಜೇನಿನ ಬಣ್ಣದಲ್ಲೇ ಇತ್ತು.

ನಿಮ್ಮ ಮನೆಯ ಕಾಫಿಗೆ ಈವತ್ತು ವಾಸನೆ ಇತ್ತಾ?