ಗೌಡರ ಕಣದ ಒಮ್ಮತ

ಬಣಕಲ್ಲಿನಲ್ಲಿ ಬಸ್ಸಿಳಿದ ಸದಾನಂದರಿಗಿಂತ ಅವರ ಕಂಕುಳಲ್ಲಿದ್ದ ಚಾರ್ಟಿನ ಸುರುಳಿಯೇ ಉದ್ದವಿತ್ತು. ಇದು ಸುಳ್ಳಿರಬಹುದು, ನನ್ನ ನೆನಪು ಕುಳ್ಳಗಿದ್ದವರನ್ನು ಇನ್ನಷ್ಟು ಕುಳ್ಳಗೆ ಮಾಡುತ್ತದೆ. ಕಂಡಕ್ಟರ್ ಚಾರ್ಟಿಗೂ ಟಿಕೆಟ್ ಕೇಳಿದ್ದು ಮಾತ್ರ ನಿಜ. ಅವರು ತೆಗೆದುಕೊಂಡದ್ದೂ ನಿಜ.

ಕಂಪನಿಗಳಿಗೆ ಮುಂದಿನ ಐದು ವರ್ಷದ ಯೋಜನೆ ಬರೆದುಕೊಡುವುದು ಅವರ ಕಸುಬು. ಕಾಫಿ ಸೀಮೆಗೆ ಬಂದೂ ಚಹಾ ಕೇಳುತ್ತಿದ್ದರು. "ಗಿರಾಕಿಯ ಮಾಲು ನಾವು ಮುಟ್ಟಬಾರದು" ಎನ್ನುವುದು ಅವರ ತಮಾಷೆ. "ಎಲ್ಲಿಗೆ ಹೋಗ್ಬೇಕು ಅಂತ ಮೊದಲು ಬರೀರಿ, ರಸ್ತೆ ಆಮೇಲೆ" ಎನ್ನುವುದು ಅವರ ಮಂತ್ರ.

ಕಾಫಿಯನ್ನು ಬೋರ್ಡಿಗೇ ಕೊಡಬೇಕೆಂಬುದು ಹೋಗಿ ಇಷ್ಟ ಬಂದವರಿಗೆ ಮಾರಬಹುದೆಂದಾದ ಹೊಸತು, ತೊಂಬತ್ತರ ದಶಕದ ನಡುಭಾಗ. ಒಂದೆರಡು ಎಕರೆಯ ನಾವೆಲ್ಲ ಸೇರಿ ಸಂಘ ಕಟ್ಟಿದ್ದೆವು, ನಾನು ಕಾರ್ಯದರ್ಶಿ. ಒಬ್ಬೊಬ್ಬರೇ ಹಸಿ ಹಣ್ಣು ಮಾರಿದರೆ ವ್ಯಾಪಾರಿ ಹೇಳಿದ್ದೇ ರೇಟು. ಸೇರಿ ಒಂದು ಪಲ್ಪರ್ ಯಂತ್ರ ಹಾಕಿ, ಹಣ್ಣಿನ ಸಿಪ್ಪೆ ಬಿಡಿಸಿ, ಬೀಜ ತೊಳೆದು ಒಣಗಿಸಿ ಪಾರ್ಚ್‌ಮೆಂಟ್ ಮಾಡಿದರೆ ನಾವೂ ಬಾಯಿ ತೆರೆಯಬಹುದು. ಅದಕ್ಕೇ ಅವರನ್ನು ಕರೆಸಿದ್ದು.

ಮೊದಲ ಸಭೆ ನಿಂಗೇಗೌಡರ ಕಣದಲ್ಲಿ ನಡೆಯಿತು. ಊರಿಗೆ ದೊಡ್ಡ ಎಸ್ಟೇಟು ಅವರದು, ಸಂಘಕ್ಕೆ ಹಿರಿಯರು.

"ಪಲ್ಪರಿಗೆ ಜಾಗ ನಾನು ಕೊಡ್ತೀನಿ. ನಮ್ ತೋಟದ ಮೇಲ್ಗಡೆ, ಹಳ್ಳದ ಪಕ್ಕ" ಎಂದರು ಗೌಡರು.

"ಯಾರಿಗಾದ್ರೂ ಆಕ್ಷೇಪ?" ಎಂದು ಸದಾನಂದರು ಕೇಳಿದರು. ಒಬ್ಬರೂ ಉಸಿರೆತ್ತಲಿಲ್ಲ. ಅವರು ಸಂತೋಷದಿಂದ ಚಾರ್ಟಿನ ಮೇಲೆ 'ಒಮ್ಮತ' ಎಂದು ಬರೆದರು. ದೊಡ್ಡವರ ಕಣದಲ್ಲಿ ಕೂತು, ಅವರ ಮನೆಯ ಉಪ್ಪಿಟ್ಟು ತಿಂದು 'ಬೇಡ' ಎನ್ನುವ ಪದ್ಧತಿ ನಮ್ಮಲ್ಲಿಲ್ಲ. ಅದು ಅವರಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ನಾನೂ ಸುಮ್ಮನಿದ್ದೆ.

ಜನವರಿಯಲ್ಲಿ, ಕುಯ್ಲು ಅರ್ಧವಾದಾಗ, ಹಳ್ಳ ಬತ್ತಿತು. ತೊಳೆಯಲು ನೀರಿಲ್ಲದೆ ಅಲ್ಲಿ ಹಾಕಿದ್ದ ಪಲ್ಪರ್ ನಿಂತಿತು. ಹಣ್ಣು ಮೂಟೆಯಲ್ಲೇ ಹುಳಿ ವಾಸನೆ ಹೊಡೆಯತೊಡಗಿತು. ಇಬ್ಬರು ಸದಸ್ಯರು ಹಳೆಯ ವ್ಯಾಪಾರಿಯ ಜೀಪಿಗೆ ಹಣ್ಣು ತುಂಬಿದರು. ಈ ವರ್ಷ ಕೈತಪ್ಪಿದರೆ ಸಂಘವೇ ಇರುವುದಿಲ್ಲ ಎಂದು ಎಲ್ಲರಿಗೂ ತಿಳಿದಿತ್ತು.

ಸುದ್ದಿ ಕೇಳಿ ಬಂದ ಸದಾನಂದರು ಗೌಡರ ಮನೆಗೆ ಹೋಗಲಿಲ್ಲ. ನನ್ನನ್ನು ಕರೆದುಕೊಂಡು ಹಳ್ಳದಗುಂಟ ಕೆಳಗಿಳಿದರು. ಎಲ್ಲರಿಗಿಂತ ಕಡಿಮೆ, ಒಂದೇ ಎಕರೆ ತೋಟದ ಗಿರಿಜಮ್ಮನ ಮನೆ ಅಲ್ಲಿತ್ತು.

"ಈ ಹಳ್ಳ ಯಾವಾಗ ಬತ್ತುತ್ತಮ್ಮ?"

"ಮೇಲ್ಗಡೆಯದಾ? ಪ್ರತಿ ವರ್ಷ ಸಂಕ್ರಾಂತಿ ಹೊತ್ತಿಗೆ. ಮಕ್ಳಿಗೂ ಗೊತ್ತು ಮಾರಾಯ್ರೆ. ನಮ್ ಗದ್ದೆ ಅಂಚಿನ ಗುಂಡಿ ಮಾತ್ರ ಬತ್ತಲ್ಲ."

"ಮೀಟಿಂಗಲ್ಲಿ ಹೇಳ್ಬಹುದಿತ್ತಲ್ಲ?"

"ಗೌಡ್ರ ಉಪ್ಪಿಟ್ಟು ಬಾಯಲ್ಲಿತ್ತು. ಹೇಳದ್ ಹೆಂಗೆ?"

ಸದಾನಂದರು ನಕ್ಕರು ಎಂದು ಬಹಳ ಕಾಲ ಹೇಳಿಕೊಂಡು ಬಂದೆ. ಈಗ ಅನುಮಾನ. ಬಹುಶಃ ಕಟ್ಟೆಯ ಮೇಲೆ ಕುಸಿದು ಕೂತರು.

ಮರುದಿನ ಗಿರಿಜಮ್ಮನ ಅಂಗಳದಲ್ಲಿ ಸಭೆ. ಚಾರ್ಟಿಲ್ಲ, ಉಪ್ಪಿಟ್ಟಿಲ್ಲ. ಕಡಿಮೆ ಜಮೀನಿದ್ದವರು ಮೊದಲು ಮಾತಾಡಬೇಕು, ಗೌಡರು ಕೊನೆಗೆ, ಇದು ಸದಾನಂದರ ನಿಯಮ.

"ನನ್ನ ಕಡೇಗೆ ಕೂರಿಸಿದ್ರಲ್ಲ, ಇದೆಂಥ ಪ್ಲಾನು?" ಎಂದು ಗೌಡರು ರೇಗಿದರು.

"ನೀವು ಮೊದಲು ಮಾತಾಡಿದ್ರೆ ಉಳಿದವರ ಮಾತು ನನಗೆ ಸಿಗಲ್ಲ, ಗೌಡ್ರೆ. ತಪ್ಪು ನಿಮ್ಮದಲ್ಲ, ನಂದು. ಸುಮ್ಮನಿದ್ದವರನ್ನ ಒಪ್ಪಿದವರು ಅಂತ ಬರಕೊಂಡೆ."

ಗಿರಿಜಮ್ಮ ಜಾಗ ಕೊಡಲು ಒಪ್ಪಿದಳು. ಪಲ್ಪರಿನ ಕೊಳೆನೀರು ಹಳ್ಳಕ್ಕೆ ಬಿಡಬಾರದು, ಬೇರೆ ಗುಂಡಿ ತೋಡಬೇಕು ಎಂದು ಷರತ್ತು ಹಾಕಿದಳು. ಒಬ್ಬೊಬ್ಬರೇ ಮಾತಾಡಿದರು. ಕೊನೆಗೆ ಗೌಡರ ಸರದಿ.

"ಹಳ್ಳ ಬತ್ತೋದು ನಂಗೂ ಗೊತ್ತಿತ್ತು ಕಣ್ರೋ" ಎಂದರು ತಲೆ ಕೆರೆದುಕೊಳ್ಳುತ್ತ. "ಜಾಗ ಕೊಡ್ತೀನಿ ಅಂದ್ಮೇಲೆ ಹಿಂದಕ್ಕೆ ತಗಳದ್ ಹೆಂಗೆ? ನೀವ್ಯಾರಾದ್ರೂ ಬೇಡ ಅಂತೀರಿ ಅಂತ ಕಾಯ್ತಿದ್ದೆ."

ಪಲ್ಪರನ್ನು ಕೆಳಗೆ ಸಾಗಿಸಿದ್ದು ಅವರದೇ ಟ್ರ್ಯಾಕ್ಟರು. ಆ ವರ್ಷದ ಉಳಿದರ್ಧ ಬೆಳೆ ಪಾರ್ಚ್‌ಮೆಂಟ್ ಆಯಿತು.

ಎರಡು ಸಾವಿರದ ಇಸವಿಯ ನಂತರ ರೇಟು ಬಿದ್ದ ವರ್ಷಗಳಲ್ಲೂ ಸಂಘ ಮುರಿಯಲಿಲ್ಲ. ಅಂಥದೊಂದು ವರ್ಷ ಸದಾನಂದರು ಹೊರನಾಡಿನ ದೇವಸ್ಥಾನಕ್ಕೆ ಹೊರಟವರು ದಾರಿಯಲ್ಲಿ ಇಳಿದು ಬಂದರು. ಪಲ್ಪರ್ ಶೆಡ್ಡಿನಲ್ಲಿ ಸಭೆ ನಡೆದಿತ್ತು. ಹೊಸ ಕಣ ಎಲ್ಲಿ ಹಾಕಬೇಕೆಂಬ ಜಗಳ. ಅವರು ಹಿಂದೆ ಮೂಟೆಗಳ ಬಳಿ ನಿಂತರು. ಮುಂದೆ ಕರೆಯಲು ಹೋದ ನನ್ನ ಕೈ ಹಿಡಿದರು.

"ಬೇಡ. ನನ್ನ ನೋಡಿದ್ರೆ ಮರ್ಯಾದೆಗೆ ಸುಮ್ಮನಾಗ್ತಾರೆ."

ನಾನು ಜಗಳದ ಕಡೆ ನೋಡಿ ಮತ್ತೆ ತಿರುಗಿದಾಗ ಅವರಿರಲಿಲ್ಲ. ಆಮೇಲೆ ಅವರನ್ನು ನೋಡಲೂ ಇಲ್ಲ. ಹಿಂದೆಯೇ ಓಡಿ ನಿಲ್ಲಿಸಬಹುದಿತ್ತು. ಅಷ್ಟರಲ್ಲಿ ಗೌಡರು ಏನೋ ಹೇಳಲು ಎದ್ದರು. ಗಿರಿಜಮ್ಮನ ದನಿ ಶೆಡ್ಡಿನ ತಗಡಿಗೆ ತಾಗಿತು:

"ಕೂತ್ಕಳಿ ಗೌಡ್ರೆ, ನಂದಿನ್ನೂ ಮುಗ್ದಿಲ್ಲ!"

ಗೌಡರು ಕೂತರು.