ಕಡಪಾ ಕಲ್ಲಿನ ಬಿರುಕು

ಸಿಂಚನಾ, ಪ್ರಣವ್,

ಮೊನ್ನೆ ನಮ್ಮ ಸಾಗರದ ಮನೆಯಲ್ಲಿ ಅಡುಗೆಮನೆಯ ಸಿಂಕ್ ತೆಗೆಸುವಾಗ ನಾನು ಎದ್ದು ಹಿತ್ತಲಿಗೆ ಹೋದೆ. ಅಜ್ಜಿಗೆ ವಾಸನೆ ಆಗುವುದಿಲ್ಲ ಎಂದು ನೀವು ನಕ್ಕಿರಿ. ಪೈಪು ಬಿಚ್ಚಿದಾಗ ಬಂದ ಆ ಹಳಸಿದ ಜಿಡ್ಡಿನ ವಾಸನೆ ನನ್ನನ್ನು ಬೇರೊಂದು ಅಡುಗೆಮನೆಗೆ ಒಯ್ದಿತ್ತು. ಎದುರಿಗೆ ಹೇಳಲು ನನಗೆ ಬಾಯಿ ಬರುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿಮ್ಮ ಅಜ್ಜ ಕೆಲಸದಲ್ಲಿದ್ದಾಗ ನಾವು ಕಾರ್ಗಲ್ಲಿನ ಕ್ವಾರ್ಟರ್ಸಿನಲ್ಲಿದ್ದೆವು. ನಮ್ಮ ಸಾಲಿನಲ್ಲಿ ನಲ್ಲಿ, ಪೈಪು ಏನು ಕೆಟ್ಟರೂ ಬರುತ್ತಿದ್ದವರು ಒಬ್ಬರೇ. ಎಲ್ಲರೂ ಅವರನ್ನು ಪೈಪಣ್ಣ ಎನ್ನುತ್ತಿದ್ದರು. ಬಂದವರೇ ನೀರು ಬಂದ್ ಮಾಡಿ, ವಾಲ್ವಿನ ಹಿಡಿಯನ್ನೇ ಕಿತ್ತು ಜೇಬಿಗೆ ಹಾಕಿಕೊಳ್ಳುತ್ತಿದ್ದರು. ಕೆಲಸ ಮುಗಿಯುವ ಮೊದಲು ಯಾರಾದರೂ ತಿರುಗಿಸಿಬಿಟ್ಟಾರು ಎಂದು.

ನಮ್ಮ ಅಡುಗೆಕಟ್ಟೆಗೆ ಕರಿಯ ಕಡಪಾ ಕಲ್ಲು ಹಾಸಿತ್ತು. ಅದರ ಅಂಚಿಗೆ ತೆಂಗಿನಕಾಯಿ ಒಡೆಯಬಾರದೆಂದು ನನ್ನ ಅತ್ತೆಯ ಕಟ್ಟಪ್ಪಣೆ. ಒಂದು ದಿನ ಅವರು ಪೂಜೆಗೆ ಕೂತಿದ್ದಾಗ ಅವಸರಕ್ಕೆ ಒಡೆದುಬಿಟ್ಟೆ. ಸಿಂಕಿನ ಮುಂದಿನ ಸಣ್ಣ ಪಟ್ಟಿಯಲ್ಲಿ ಕೂದಲೆಳೆಯಷ್ಟು ಬಿರುಕು ಬಿತ್ತು. ಹೆದರಿ, ಮೇಣ ಕರಗಿಸಿ ದೀಪದ ಮಸಿ ಕಲಸಿ ತುಂಬಿದೆ. ಕಣ್ಣಿಗೆ ಕಾಣದಂತಾಯಿತು. ಆದರೆ ಪಾತ್ರೆ ತೊಳೆಯುವಾಗಲೆಲ್ಲ ಬೆರಳಿಗೆ ಸಿಗುತ್ತಿತ್ತು. ಬರಬರುತ್ತ ಉದ್ದವಾಗುತ್ತಿತ್ತು... ನಾನು ಮತ್ತೆ ಮತ್ತೆ ಮೇಣ ತುಂಬುತ್ತಿದ್ದೆ.

ಆಮೇಲೆ ಸಿಂಕ್ ಸೋರತೊಡಗಿತು. ತೆಗೆದು ಬೇರೆ ಕೂರಿಸಲು ಪೈಪಣ್ಣ ಬಂದರು. ಸಿಮೆಂಟಿನ ಭಾರದ ಸಿಂಕು ಅದು. ಆ ಪಟ್ಟಿಯನ್ನು ಅಡಿಯಿಂದ ಹೊತ್ತಿದ್ದದ್ದೂ ಅದೇ.

"ಇವ್ರು ನನಗಿಂತ ಹಿರೇರು ಅಮ್ಮಾ, ಕೈಮುಗಿದೇ ಎಬ್ಬಿಸ್ಬೇಕು," ಎಂದು ಅವರು ಸಿಂಕಿಗೆ ಕೈಮುಗಿದರು.

"ನಿನ್ ನಾಟ್ಕ ಸಾಕು ಮಾರಾಯ, ನಂಗೆ ಮಧ್ಯಾಹ್ನದ ಅಡುಗೆ ಆಗ್ಬೇಕು," ಎಂದರು ಅತ್ತೆ.

ಅಡಿಯ ಪೈಪಿನ ನಟ್ಟು ಬಿಚ್ಚಿ, ಕೊಳೆನೀರನ್ನು ಬಕೆಟ್ಟಿಗೆ ಇಳಿಸಿ, ಸುತ್ತಲಿನ ಗಾರೆಯನ್ನು ಉಳಿಯಿಂದ ಬಿಡಿಸಿದ ಮೇಲೆ ಪೈಪಣ್ಣ ಕೇಳಿದರು. "ಕಲ್ಲು ಎಲ್ಲೂ ಬಿರುಕು ಬಿಟ್ಟಿಲ್ಲ ಅಲ್ವಾ? ಬಿಟ್ಟಿದ್ರೆ ಹೇಳ್ಬಿಡಿ, ಅಡಿಗೊಂದು ಮರದ ಆಸರೆ ಕೊಡ್ತೀನಿ."

"ನಮ್ಮನೆ ಕಲ್ಲಿಗೆ ಒಂದು ಗೀರೂ ಬಿದ್ದಿಲ್ಲ. ಬೇಕಾದ್ರೆ ನಮ್ ಸೊಸೇನ ಕೇಳು. ಬಾಯಿದ್ರೆ ಹೇಳ್ತಾಳೆ!" ಎಂದು ಅತ್ತೆ ನಕ್ಕರು.

ಪೈಪಣ್ಣ ನನ್ನ ಕಡೆ ತಿರುಗಿ ಕಾದರು. ನಾನು ಬಾಗಿಲ ಹಿಂದೆ ಸೆರಗು ಹಿಡಿದು ನಿಂತಿದ್ದೆ. ಬಿರುಕಿದೆ ಎಂದು ಹೇಳಲಿಲ್ಲ.

ಅವರು ಕಟ್ಟೆಯಡಿ ಕೈ ಹಾಕಿ ಸಿಂಕನ್ನು ಜರುಗಿಸಿದರು. ಕಲ್ಲು ಒಮ್ಮೆ ಸಣ್ಣಗೆ ಟಿಕ್ ಎಂದಿತು. ನನಗೆ ಕೇಳಿಸಿತು. ಆಗಲೂ ಮಾತಾಡಲಿಲ್ಲ. ಮರುಕ್ಷಣ ಪಟ್ಟಿ ಮುರಿದು ಅವರ ಬಲಗೈ ಮೇಲೆ ಬಿತ್ತು.

ಮುರಿದ ಕಡೆ ಕರಿಯ ಮೇಣ ಎದ್ದು ಕಾಣುತ್ತಿತ್ತು. ಕೈಗೆ ಟವೆಲು ಸುತ್ತಿಕೊಳ್ಳುತ್ತ ಅವರು ಅದನ್ನು ನೋಡಿದರು, ಆಮೇಲೆ ನನ್ನನ್ನು. ಅತ್ತೆ ಹತ್ತಿರ ಬರುವಷ್ಟರಲ್ಲಿ ಆ ತುಂಡನ್ನು ಕಾಲಿನಿಂದ ಮಗುಚಿಹಾಕಿದರು.

"ನಂದೇ ತಪ್ಪು ಅಮ್ಮಾ. ಆಸರೆ ಕೊಡ್ದೆ ಎಳ್ದುಬಿಟ್ಟೆ," ಎಂದರು.

ಅವರ ಮೂರು ಬೆರಳು ಮತ್ತೆ ಮಡಚಲಿಲ್ಲ. ನಟ್ಟು ಬಿಚ್ಚುವ ಪಾನಾ ಹಿಡಿಯಲಾಗದೆ ಯಾವುದೋ ಗೇಟು ಕಾಯುವ ಕೆಲಸಕ್ಕೆ ಹೋದರು. ದಾರಿಯಲ್ಲಿ ಸಿಕ್ಕಾಗಲೆಲ್ಲ, "ಚೆನ್ನಾಗಿದ್ದೀರಾ ಅಮ್ಮಾ?" ಎನ್ನುತ್ತಿದ್ದರು. ನಾನು ತಲೆ ತಗ್ಗಿಸಿ ದಾಟಿಹೋಗುತ್ತಿದ್ದೆ. ಎಷ್ಟು ವರ್ಷ...

ಹೋದ ತಿಂಗಳು ಅವರು ತೀರಿಕೊಂಡರೆಂದು ಕೇಳಿದೆ. ತಮ್ಮ ಅಜಾಗ್ರತೆಯಿಂದಲೇ ಕೈ ಕೆಡಿಸಿಕೊಂಡರೆಂದು ಅವರ ಮನೆಯಲ್ಲಿ ಇವತ್ತಿಗೂ ನಂಬಿದ್ದಾರಂತೆ. ಇನ್ನು ಅವರ ಕ್ಷಮೆ ಕೇಳುವಂತಿಲ್ಲ. ಅವರ ಮಗಳು ತಾಳಗುಪ್ಪದಲ್ಲಿದ್ದಾಳೆ. ಎರಡು ಸಲ ಬಸ್‌ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದೆ. ಮೂರನೇ ಸಲವೂ ಹಾಗೇ ಆದರೆ, ನಾನು ತೀರಿಹೋದಮೇಲೆ ನೀವಿಬ್ಬರೂ ಈ ಪತ್ರವನ್ನು ಅವಳ ಕೈಗೆ ಕೊಡಿ, ಮಕ್ಕಳೇ. ಅಲ್ಲಿಯವರೆಗೆ ಈ ಹಾಳೆಗಳನ್ನು ಜೋಪಾನವಾಗಿಡಿ, ಒಂದೂ ಕಳೆಯದಂತೆ.