ಶನಿವಾರ ಚಾಚಿದ ಪೆನ್ನು

ಎರಡು ವರ್ಷ ಓದಿದರೂ ನಾನು ದಡ್ಡನೇ ಎಂಬುದು ಒಂದು ಶನಿವಾರ ಸಾಬೀತಾಯಿತು.

ಜಕ್ಕೂರಿನ ಅಪಾರ್ಟ್‌ಮೆಂಟೊಂದರಲ್ಲಿ ಯೆಹೂದಿ ಹಿರಿಯರೊಬ್ಬರ ಮನೆಯಿದೆ. ಈ ಕಡೆ ಇರುವ ಬೆರಳೆಣಿಕೆಯ ಯೆಹೂದಿಗಳು ಶನಿವಾರ ಬೆಳಿಗ್ಗೆ ಅಲ್ಲಿ ಪ್ರಾರ್ಥನೆಗೆ ಸೇರುತ್ತಾರೆ. ಹತ್ತು ಗಂಡಸರು ಸೇರದಿದ್ದರೆ ಕೆಲವು ಪ್ರಾರ್ಥನೆಗಳನ್ನು ಹೇಳುವಂತಿಲ್ಲ. ಒಂಬತ್ತೇ ಜನ ಬಂದ ದಿನ ಎಲ್ಲರ ಕಣ್ಣೂ ಬಾಗಿಲ ಮೇಲೆ. ನಾನೂ ಅಲ್ಲೇ ಕೂತಿರುತ್ತೇನೆ, ಆದರೆ ಲೆಕ್ಕಕ್ಕಿಲ್ಲ. ನಾನು ಗಂಗಾನಗರದ ಹಿಂದೂ ಮನೆಯವನು.

ಬುಧವಾರ ಸಂಜೆ ಹಿರಿಯರ ಜೊತೆ ಅವರ ಧರ್ಮಗ್ರಂಥ ತೋರಾ ಓದುತ್ತೇನೆ. ಓದುವುದೆಂದರೆ ಅವರಲ್ಲಿ ಇಬ್ಬರು ಎದುರುಬದುರು ಕೂತು ಜಗಳವಾಡುವುದು. ಒಂದು ಸಾಲಿಗೆ ಅವರದೊಂದು ಅರ್ಥ, ನನ್ನದೊಂದು. ದೊಡ್ಡವರಿಗೆ ಎದುರು ಮಾತಾಡಬಾರದೆಂದು ಬೆಳೆದ ನಾನು ಮೊದಲ ಆರು ತಿಂಗಳು ತಲೆಯಾಡಿಸಿದ್ದೇ ಬಂತು. “ಹೂಂ ಅನ್ನೋಕೆ ನೀವ್ಯಾಕ್ರೀ ಬೇಕು?” ಎಂದು ಅವರು ರೇಗಿದ ಮೇಲೆ ಬಾಯಿ ಬಂತು.

ಆ ಶನಿವಾರವೂ ಒಂಬತ್ತೇ ಜನ. ತಂದೆಯ ವರ್ಷದ ತಿಥಿಯೆಂದು ಬಂದಿದ್ದ ಒಬ್ಬರು, ಹೇಳಬೇಕಾದ ಪ್ರಾರ್ಥನೆ ಹೇಳಲಾಗದೆ ಪುಸ್ತಕ ಮುಚ್ಚಿ ಎದ್ದುಹೋದರು. ನನಗೆ ತಡೆಯಲಾಗಲಿಲ್ಲ. ಎಲ್ಲರೂ ಹೋದ ಮೇಲೆ, ನನ್ನನ್ನು ಧರ್ಮಕ್ಕೆ ಸೇರಿಸಿಕೊಳ್ಳುವಂತೆ ಪಂಡಿತರ ಮಂಡಳಿಗೆ ಒಂದು ಪತ್ರ ಬರೆದುಕೊಡಿ ಎಂದು ಹಿರಿಯರನ್ನು ಕೇಳಿದೆ. ಸಾಲದ್ದಕ್ಕೆ ಜೇಬಿನಿಂದ ಪೆನ್ನು ತೆಗೆದು ಚಾಚಿದೆ. ಶನಿವಾರ ಅವರ ಸಬ್ಬತ್, ಕೆಲಸ ನಿಷಿದ್ಧವಾದ ವಿಶ್ರಾಂತಿಯ ದಿನ. ಆ ದಿನ ಒಂದಕ್ಷರವನ್ನೂ ಬರೆಯಬಾರದೆಂದು ನನಗೆ ಪಾಠ ಹೇಳಿದವರೇ ಅವರು!

“ಬೇಡ,” ಎಂದರು. ಅಷ್ಟೇ.

ಆಮೇಲೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಬೇಡ ಎಂದದ್ದು ಪೆನ್ನಿಗೋ? ಸೇರಲು ಬಂದವರನ್ನು ಎರಡು ಮೂರು ಸಲ ವಾಪಸು ಕಳಿಸುವುದು ಅವರಲ್ಲಿ ಪದ್ಧತಿ, ಅದಕ್ಕೋ? ಇಲ್ಲಾ ನಾನೇ ಬೇಡವೋ? ನಮ್ಮ ಮನೆಗಳಲ್ಲಿ ಕಾಫಿ ಬೇಡ ಎಂದರೆ ಇನ್ನೊಮ್ಮೆ ಕೇಳಲಿ ಎಂದೇ ಲೆಕ್ಕ. ಇವರದು ಹಾಗೇನಾ? ಹೆಬ್ಬಾಳದ ಫ್ಲೈಓವರ್ ಮೇಲೆ ಅದೇ ಯೋಚನೆಯಲ್ಲಿ ಸ್ಕೂಟರ್ ನಿಲ್ಲಿಸಿಕೊಂಡಿದ್ದಾಗ ಹಿಂದಿನವನು ಹಾರ್ನ್ ಬಾರಿಸಿದ. ತಪ್ಪು ನನ್ನದೇ ಆದರೂ ಅವನನ್ನೇ ಬೈದೆ.

ಬುಧವಾರ ಹೋಗಿ ಮತ್ತೆ ಕೇಳಿದೆ.

“ಬೇಡ,” ಎಂದರು ಹಿರಿಯರು. “ಮನೇಲಿ ಅಮ್ಮಂಗೆ ಹೇಳಿದೀರಾ?”

ಇಲ್ಲ. ಅಮ್ಮನ ಪ್ರಕಾರ ನಾನು ಎರಡು ವರ್ಷದಿಂದ ಜಕ್ಕೂರು ಕೆರೆಗೆ ವಾಕಿಂಗ್ ಹೋಗುತ್ತಿದ್ದೇನೆ.

“ತಂದೆ ತಾಯಿ ಗೌರವದ್ ಪಾಠಕ್ಕೆ ನನ್ಹತ್ರ ಮೂರು ವಾರ ಜಗಳ ಆಡಿದ್ರಲ್ರೀ!”

ನಾಚಿಕೆಯಾಯಿತು. ಮನೆಗೆ ಬಂದವನೇ ಅಮ್ಮನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ನಾಳೆಯ ದೀಪಕ್ಕೆ ಬತ್ತಿ ಹೊಸೆಯುತ್ತಿದ್ದಳು. ತಲೆಯೆತ್ತಲಿಲ್ಲ.

“ಕೆರೆ ಸುತ್ತಿ ಬರೋನ ಶೂಗೆ ಒಂದಿನಾನೂ ಮಣ್ಣಿರ್ಲಿಲ್ಲ. ಇನ್ನೆಲ್ಲೋ ಹೋಗ್ತಾನೆ ಅಂತ ಗೊತ್ತಿತ್ತು ಕಣೋ. ಅವ್ರಲ್ಲಿ ತಾಯಿ ಹೋದ್ರೆ ಮಗ ಏನ್ಮಾಡ್ತಾನೆ?”

“ಹನ್ನೊಂದು ತಿಂಗ್ಳು ಪ್ರಾರ್ಥನೆ ಹೇಳ್ತಾನೆ. ಹತ್ತು ಜನ ಇರ್ಬೇಕು.”

“ನಿಮ್ಮಲ್ಲಿ ಎಷ್ಟ್ ಜನ?”

“ಒಂಬತ್ತು. ನನ್ನನ್ನ ಇನ್ನೂ ಸೇರಿಸ್ಕೊಂಡಿಲ್ಲ.”

ಅಮ್ಮನ ಬೆರಳು ನಿಂತಿತು. “ಅಂದ್ರೆ ನಾನ್ ಹೋದಾಗ ನೀನು ಅಲ್ಲೂ ಇಲ್ಲ, ಇಲ್ಲೂ ಇಲ್ಲ. ಹಂಗ್ ಮಾತ್ರ ಮಾಡ್ಬೇಡ್ವೋ. ಯಾವ್ದಾದ್ರೂ ಒಂದ್ ಕಡೆ ನಿಂತ್ಕೋ.”

ಬೈದಿದ್ದರೆ ವಾದ ಮಾಡಬಹುದಿತ್ತು. ಎರಡು ವರ್ಷ ಕಲಿತದ್ದು ಅದನ್ನೇ ತಾನೇ.

ಅದಾಗಿ ಆರು ದಿನ. ನಾಳೆ ಮತ್ತೆ ಬುಧವಾರ. ಮೂರನೆಯ ಸಲ ಕೇಳುವುದು ಬಾಕಿಯಿದೆ. ಇಷ್ಟು ದಿನ ಬೇಡ ಎಂದಾರೆಂಬ ಹೆದರಿಕೆಯಿತ್ತು. ಈಗ, ಆಯಿತು ಎಂದುಬಿಟ್ಟಾರೆಂದು ಹೆದರುತ್ತಿದ್ದೇನೆ.